ಸೂಜಿಗಲ್ಲಿಗೆ ಸಿಕ್ಕಿಬಿದ್ದ ಪೈಪು

ನಾನು ಒಂದು ಉಕ್ಕಿನ ಪೈಪು. ಉದ್ದ ಆರು ಮೀಟರ್, ಬಾಯಿ ಗೇಣಿಗಿಂತ ಸ್ವಲ್ಪ ಕಡಿಮೆ. ತುಕ್ಕು ಹಿಡಿಯದ ವಂಶ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸ ಮಾಡಿದೆ ಅನ್ನಬೇಡಿ: ನನಗೆ ಸೂಜಿಗಲ್ಲು ಅಂಟುತ್ತದೆ. ನನ್ನ ಜಾತಕದಲ್ಲಿ ದೋಷ ಅಂತ ಇದ್ದರೆ ಇದೊಂದೇ. ನಿಜ ಹೇಳಬೇಕೆಂದರೆ ಇದು ದೋಷವೂ ಅಲ್ಲ. ಆದರೆ ಈ ಅಂಗಳದಲ್ಲಿ ಅದನ್ನು ನಾನು ಯಾರಿಗೆ ಹೇಳಲಿ?

ನಾನು ಹುಟ್ಟಿದ್ದು ಗುಜರಾತಿನ ಸಮುದ್ರದ ಕಡೆಯ ಒಂದು ಕುಲುಮೆಯಲ್ಲಿ. ನೂರು ಪಾಲು ಉಕ್ಕಿನಲ್ಲಿ ಇಪ್ಪತ್ತೆರಡು ಪಾಲು ಕ್ರೋಮಿಯಂ, ಐದು ಪಾಲು ನಿಕ್ಕಲ್, ಮೂರು ಪಾಲು ಮಾಲಿಬ್ಡಿನಂ, ಮೇಲೆ ಚಿಟಿಕೆ ನೈಟ್ರೋಜನ್. ಪಾಕ ಒಂಚೂರು ಹೆಚ್ಚುಕಡಿಮೆಯಾದರೂ ಅವರು ಇಡೀ ಕಡಾಯಿಯನ್ನೇ ತಿರಸ್ಕರಿಸುತ್ತಿದ್ದರು. ನನ್ನ ಮೈಯಲ್ಲಿ ಎರಡು ಜಾತಿಯ ಹರಳುಗಳಿವೆ, ಜೋಳದ ಹಿಟ್ಟಿಗೆ ಗೋಧಿ ಹಿಟ್ಟು ಕಲಸಿದ ಹಾಗೆ. ಒಂದು ಜಾತಿ ಕಲ್ಲಿಗೆ ಅಂಟುತ್ತದೆ, ಇನ್ನೊಂದು ಅಂಟುವುದಿಲ್ಲ. ಎರಡೂ ಕೂಡಿದ್ದರಿಂದಲೇ ನನಗೆ ಈ ಗಟ್ಟಿತನ. ಸುತ್ತಿ, ಬೆಸೆದು, ಕೆಂಪಗೆ ಕಾಯಿಸಿ ತಣ್ಣೀರಿಗೆ ಅದ್ದಿ, ಕೊನೆಗೆ ಮೈಮೇಲೆ ಉದ್ದಕ್ಕೆ ನನ್ನ ಹೆಸರು, ನನ್ನ ಕುಲುಮೆಯ ಅಂಕಿ ಬರೆದರು. ಆ ಅಂಕಿಯೇ ನನ್ನ ಕುಲಗೋತ್ರ. ಅದನ್ನು ಓದಿದವನಿಗೆ ನನ್ನ ತಾಯಿ ಯಾರು, ತಂದೆ ಯಾರು, ಎಲ್ಲ ಗೊತ್ತಾಗುತ್ತದೆ. ಓದಬೇಕು, ಅಷ್ಟೆ.

ನಾವು ಎಂಟು ಜನ ಅಣ್ಣತಮ್ಮಂದಿರು ಒಂದೇ ಲಾರಿಯಲ್ಲಿ ಹೊರಟೆವು. ಘಟಪ್ರಭೆಯ ದಂಡೆಯ ಒಂದು ಡಿಸ್ಟಿಲರಿಗೆ. ಅಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮದ್ಯಸಾರ ತೆಗೆಯುತ್ತಾರೆ. ತೆಗೆದ ಮೇಲೆ ಕಂದು ಬಣ್ಣದ ಉಪ್ಪುಪ್ಪು ನೀರು ಉಳಿಯುತ್ತದೆ. ಅದನ್ನು ದೊಡ್ಡ ದೊಡ್ಡ ಟ್ಯಾಂಕಿನಲ್ಲಿ ಕೊಳೆಯಲು ಬಿಟ್ಟು, ಬರುವ ಗ್ಯಾಸನ್ನು ಬಾಯ್ಲರಿಗೆ ಕಳಿಸಿ ಉರಿಸುತ್ತಾರೆ. ಆ ಗ್ಯಾಸಿನೊಳಗೆ ಹೈಡ್ರೋಜನ್ ಸಲ್ಫೈಡ್ ಅನ್ನುವ ಕೇಡಿ ಇರುತ್ತದೆ. ಕೆಲಸದವರು ಅದಕ್ಕೆ ಇಟ್ಟ ಹೆಸರು ತತ್ತಿ ಗ್ಯಾಸು, ಯಾಕೆಂದರೆ ಕೊಳೆತ ತತ್ತಿಯ ನಾತ. ಅವರಲ್ಲಿ ಒಂದು ಮಾತಿದೆ: ವಾಸನಿ ಬಂದ್ರ ಅಂಜು, ವಾಸನಿ ನಿಂತ್ರ ಓಡು. ಗ್ಯಾಸು ಹೆಚ್ಚಾದರೆ ಮೊದಲು ಸಾಯುವುದು ಮೂಗು, ಆಮೇಲೆ ಮನುಷ್ಯ.

ಅಲ್ಲಿಯ ಹಳೆಯ ಪೈಪು ಎರಡೇ ವರ್ಷಕ್ಕೆ ಒಳಗಿನಿಂದ ಸೀತಾಳೆ ಸಿಡುಬು ಎದ್ದಂತೆ ತೂತುತೂತಾಗಿ ಗುಜರಿ ಅಂಗಳ ಸೇರಿತ್ತು. ನಾನು ಬಂದ ದಿನ ಪಕ್ಕದಲ್ಲೇ ಬಿದ್ದಿತ್ತು. "ನಾನೂ ಒಳ್ಳೇ ಸ್ಟೀಲೇ ಕಣಪ್ಪ," ಅಂತ ನರಳಿತು. "ಹಾಲಿನ ಡೇರಿಗೆ ಹಾಕಿದ್ದರೆ ಮೊಮ್ಮಕ್ಕಳ ಕಾಲದವರೆಗೆ ಬಾಳುತ್ತಿದ್ದೆ. ಉಪ್ಪುನೀರು, ತತ್ತಿ ಗ್ಯಾಸು ಎರಡೂ ಒಟ್ಟಿಗೆ ಕಚ್ಚಿದರೆ ನನ್ನಂಥವನ ಕೈಲಾಗುವುದಿಲ್ಲ. ಶಾಹೀನಾ ಮೇಡಂ ಬ್ಯಾಟರಿ ಹಿಡಿದು ನನ್ನ ಹೊಟ್ಟೆಯೊಳಗೆ ಒಂದು ಗಂಟೆ ನೋಡಿದಳು. ಆಮೇಲೆ ನಿನ್ನ ಹೆಸರು ಬರೆದಳು."

ಶಾಹೀನಾ ಮೇಡಂ ಅಲ್ಲಿಯ ಎಂಜಿನಿಯರು. ನನ್ನನ್ನು ಆರಿಸಿದವಳು ಅವಳೇ. ನಾನು ಬರುವ ಹೊತ್ತಿಗೆ ಅವಳು ಹೆರಿಗೆಗೆ ಧಾರವಾಡದ ತವರಿಗೆ ಹೋಗಿಯಾಗಿತ್ತು. ಅವಳು ಹೋದಳು, ನನ್ನ ಹಣೆಬರಹವೂ ಅವಳ ಹಿಂದೆಯೇ ಹೋಯಿತು.

ಲಾರಿ ನಿಂತ ಕೂಡಲೇ ಬಂದವನು ಗಿರಿಮಲ್ಲಪ್ಪ, ವರ್ಕ್‌ಶಾಪಿನ ಹಿರಿಯ ಫಿಟ್ಟರು. ಮೂವತ್ತು ವರ್ಷದ ಸರ್ವಿಸು, ದಪ್ಪ ಮೀಸೆ, ಹಣೆ ತುಂಬ ವಿಭೂತಿ. ಕೊರಳಲ್ಲಿ ಲಿಂಗದ ಕರಡಿಗೆ, ಅಂಗಿಯ ಜೇಬಿನಲ್ಲಿ ದಾರ ಕಟ್ಟಿದ ಒಂದು ಸೂಜಿಗಲ್ಲು. ಹಳೆಯ ಧ್ವನಿವರ್ಧಕ ಒಡೆದು ತೆಗೆದದ್ದಂತೆ. ಆ ಕಲ್ಲಿಗೆ ಇಡೀ ಕಾರ್ಖಾನೆಯಲ್ಲಿ ಎಂಥ ಮರ್ಯಾದೆ! ಹಿಂದೆ ಯಾವನೋ ಗುತ್ತಿಗೆದಾರ ಬರೀ ಕಬ್ಬಿಣಕ್ಕೆ ಪಾಲಿಶ್ ಹೊಡೆದು, ಸುಳ್ಳು ಸರ್ಟಿಫಿಕೇಟ್ ಅಂಟಿಸಿ, ಸ್ಟೀಲು ಅಂತ ತಂದಿದ್ದನಂತೆ. ಸಾಹೇಬರೆಲ್ಲ ಕಾಗದ ಓದಿ ತಲೆಯಾಡಿಸಿದ್ದರು. ಹಿಡಿದುಕೊಟ್ಟದ್ದು ಗಿರಿಮಲ್ಲಪ್ಪನ ಕಲ್ಲು: ಕಬ್ಬಿಣಕ್ಕೆ ಅಂಟುತ್ತದೆ, ಸ್ಟೀಲಿಗೆ ಅಂಟುವುದಿಲ್ಲ ಅನ್ನುವುದು ಅವನ ಲೆಕ್ಕ. ಅಂದಿನಿಂದ ದಸರೆಯ ಖಂಡೆ ಪೂಜೆಯ ದಿನ ಪಾನಾ, ಸುತ್ತಿಗೆಗಳ ಮುಂದೆ ಮೊದಲ ಹೂವು ಅದಕ್ಕೇ. ಊರಲ್ಲಿ ಮದುವೆ ನಿಕ್ಕಿಯಾದರೆ ಭಾಂಡೆ ಸಾಮಾನು ಕೊಳ್ಳುವವರು ಅವನನ್ನೂ ಕರೆದುಕೊಂಡು ಹೋಗುತ್ತಿದ್ದರು. ಸ್ವಂತ ಮಗಳು ಕಸ್ತೂರಿಯ ಮದುವೆಗೆ ಕೊಡ, ತಾಟು, ಗಂಗಾಳ ಒಂದೂ ಬಿಡದೆ ಕಲ್ಲು ಹಚ್ಚಿ ನೋಡಿದ್ದ. ಮನುಷ್ಯ ಪ್ರಾಮಾಣಿಕ, ಅದರಲ್ಲಿ ಎರಡು ಮಾತಿಲ್ಲ. ಕಳ್ಳನ ಕೈಗೆ ಸಿಕ್ಕಿದ್ದರೆ ನಾನು ಬಚಾವಾಗುತ್ತಿದ್ದೆ.

ಲಾರಿಯಲ್ಲಿ ಎಲ್ಲರಿಗಿಂತ ಮೇಲಿದ್ದವನು ನಾನು. ಅವನು ಕಲ್ಲನ್ನು ದಾರದಲ್ಲಿ ಇಳಿಬಿಟ್ಟ. ಟಕ್ ಅಂತ ಅಂಟಿತು.

ಗಿರಿಮಲ್ಲಪ್ಪನ ಮುಖ ಕಪ್ಪಿಟ್ಟಿತು. ಎಳೆದು ಬಿಡಿಸಿ ಇನ್ನೊಂದು ಕಡೆ ಹಚ್ಚಿದ. ಟಕ್. ನನ್ನ ತಮ್ಮಂದಿರಿಗೂ ಹಚ್ಚಿದ. ಟಕ್, ಟಕ್, ಟಕ್.

"ಯಪ್ಪಾ! ಬರೇ ಕಬ್ಬಿಣ ಕಳಿಸ್ಯಾರಲೋ ಸೂಳೇಮಕ್ಕಳು!"

ಪಕ್ಕದಲ್ಲಿ ಶಿದ್ರಾಮ ನಿಂತಿದ್ದ. ಗ್ಯಾಸ್ ಲೈನು ನೋಡಿಕೊಳ್ಳುವ ಆಪರೇಟರು. ಗಿರಿಮಲ್ಲಪ್ಪನಿಗೆ ಅಕ್ಕನ ಮಗ, ಕಸ್ತೂರಿಯ ಗಂಡನೂ ಅವನೇ, ಹೀಗಾಗಿ ಅಳಿಯನೂ ಹೌದು. ಮೆಲ್ಲಗೆ ಅಂದ: "ಮಾಮಾ, ಮೇಡಮ್ಮಾರು ಹೋಗುವಾಗ ಹೇಳಿದ್ರಲ್ರೀ. ಈ ಸಲದ ಪೈಪಿಗೆ ಕಲ್ಲು ಅಂಟತೈತಿ, ಅಂಜಬ್ಯಾಡ್ರಿ, ಇದರ ಜಾತಿನ ಬ್ಯಾರೆ ಅಂತ."

"ಕಲ್ಲು ಅಂಟಿದ ಮ್ಯಾಗ ಅದು ಸ್ಟೀಲ್ ಹೆಂಗ ಆಕ್ಕೈತೋ ಹುಚ್ಚಾ? ಆಕಿ ನಿನ್ನೆ ಕಾಲೇಜು ಬಿಟ್ಟು ಬಂದಾಕಿ. ಕಾಗದ ಸುಳ್ಳು ಹೇಳತೈತಿ, ಮಂದಿ ಸುಳ್ಳು ಹೇಳತಾರ. ಕಲ್ಲು ಸುಳ್ಳು ಹೇಳೂದಿಲ್ಲ."

ನನ್ನ ಮೈಮೇಲೇ ಬರೆದಿತ್ತಲ್ಲ ಸ್ವಾಮಿ! ಅವನ ಹೆಬ್ಬೆರಳು ನನ್ನ ಅಂಕಿಯ ಮೇಲೇ ಇತ್ತು. ಓದಲಿಲ್ಲ.

ಜನರಲ್ ಮ್ಯಾನೇಜರ್ ಕುಲಗೋಡ ಸಾಹೇಬರು ಬಂದರು. ಮೇಡಂ ಬರೆದಿಟ್ಟ ಟಿಪ್ಪಣಿ ಅವರ ಮೇಜಿನ ಮೇಲೆಯೇ ಇತ್ತಂತೆ. ಕಬ್ಬಿನ ಹಂಗಾಮು ಶುರುವಾಗಲು ಹದಿನೈದೇ ದಿನ, ಅದನ್ನು ಹುಡುಕಿ ಓದುವ ಪುರುಸೊತ್ತು ಯಾರಿಗಿದೆ? "ಗಿರಿಮಲ್ಲಪ್ಪ ಬ್ಯಾಡ ಅಂದ್ರ ಮುಗೀತು. ಲೋಕಲ್‌ನಾಗ ತರಸ್ರಿ," ಅಂದರು. ಎಂಟೂ ಜನರ ಎದೆಯ ಮೇಲೆ ಕೆಂಪು ಬಣ್ಣದಲ್ಲಿ ಕಾಟು ಹೊಡೆದು ಗುಜರಿ ಅಂಗಳಕ್ಕೆ ಉರುಳಿಸಿದರು. ಕಳಿಸಿದವರು ಮಾಲು ಸರಿಯಿದೆ ಅಂತ ಪತ್ರ ಬರೆದರು, ಇವರು ಇಲ್ಲ ಅಂತ ಬರೆದರು. ಪತ್ರಗಳು ಓಡಾಡಿದವು, ನಾವು ಬಿದ್ದಲ್ಲೇ ಬಿದ್ದೆವು.

ವಾರದೊಳಗೆ ಬೇರೆ ಪೈಪುಗಳು ಬಂದವು. ಏನು ಥಳಕು, ಏನು ಬಳಕು! ಮುಖ ನೋಡಿಕೊಂಡು ಕ್ರಾಪು ತೆಗೆಯಬಹುದಿತ್ತು. ಗಿರಿಮಲ್ಲಪ್ಪ ಕಲ್ಲು ಹಚ್ಚಿದ, ಜಾರಿ ಬಿತ್ತು. ಮತ್ತೆ ಹಚ್ಚಿದ, ಮತ್ತೆ ಜಾರಿತು. ಅವನ ಮೀಸೆಯ ಕೆಳಗೆ ನಗು ಬಂತು. "ಇದಕ್ಕಂತಾರ ಸ್ಟೀಲು!" ಅಂದ. ಅವುಗಳಿಗೆ ಬಡ್ತಿ, ನನಗೆ ಗುಜರಿ.

ಅವುಗಳಲ್ಲಿ ಕತ್ತರಿಸಿ ಉಳಿದ ಒಂದು ಮೊಳದ ತುಂಡು ನನ್ನ ಪಕ್ಕಕ್ಕೆ ಬಂದು ಬಿತ್ತು. ಮೂರನೆಯ ದಿನ ತಾನಾಗಿಯೇ ಬಾಯಿಬಿಟ್ಟಿತು.

"ಅಣ್ಣಾ, ನನ್ನ ಮೈಮೇಲೆ ಬರೆದಿರುವುದು ನನ್ನ ಹೆಸರಲ್ಲ. ಮಾರಿದ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಹಚ್ಚೆ ಹಾಕಿದರು. ನಿಕ್ಕಲ್ ಉಳಿಸಿ, ಮ್ಯಾಂಗನೀಸ್ ಸುರಿದು ನಮ್ಮನ್ನು ಮಾಡುತ್ತಾರೆ. ನಾವು ತಾಟು, ಲೋಟ ಆಗುವ ವಂಶ. ಕಲ್ಲು ಹಚ್ಚಿದ ಆ ಯಜಮಾನರ ಮಗಳ ಮದುವೆಯ ಕೊಡವೂ ನಮ್ಮ ಜಾತಿಯದೇ."

"ಮತ್ತೆ ಕಲ್ಲು ಅಂಟಲಿಲ್ಲ?"

"ನಮಗೆ ಅಂಟುವುದಿಲ್ಲ. ಅಷ್ಟೇ ನಮ್ಮ ಪುಣ್ಯ. ತತ್ತಿ ಗ್ಯಾಸು ಅಂದರೇನು ಅಂತಲೂ ನಮಗೆ ಗೊತ್ತಿಲ್ಲ."

ಅದರ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಾಲು ತುಂಬಲು ಹುಟ್ಟಿದ ಕೂಸನ್ನು ವಿಷ ಹೊರಲು ಹಚ್ಚಿದರೆ ಕೂಸಿನ ತಪ್ಪೇನು? ಸಿಟ್ಟು ಬಂದದ್ದು ಮನುಷ್ಯರ ಮೇಲೆ. ಮುಚ್ಚಿಡುವುದಿಲ್ಲ, ಕೆಂಪು ಕಾಟು ಹೊತ್ತು ಬಿಸಿಲಲ್ಲಿ ಬಿದ್ದುಕೊಂಡು ದಿನಾ ಶಾಪ ಹಾಕಿದೆ: ಒಡೆಯಲಿ, ಸೀಳಿ ಹೋಗಲಿ, ಆಗ ಇವರಿಗೆ ನನ್ನ ಬೆಲೆ ತಿಳಿಯಲಿ. ಪೈಪು ಒಡೆದರೆ ಅದರ ಹತ್ತಿರ ಒಬ್ಬ ಮನುಷ್ಯ ನಿಂತಿರುತ್ತಾನೆ ಅನ್ನುವುದು ನನ್ನ ಉಕ್ಕಿನ ತಲೆಗೆ ಹೊಳೆಯಲೇ ಇಲ್ಲ.

ಆ ಅಂಗಳದಲ್ಲಿ ನನ್ನನ್ನು ಗುಜರಿ ಅನ್ನದೆ ಕಂಡವನು ಶಿದ್ರಾಮ ಒಬ್ಬನೇ. ಮಧ್ಯಾಹ್ನ ಬುತ್ತಿ ಬಿಚ್ಚಲು ನನ್ನ ಮೇಲೆ ಬಂದು ಕೂರುತ್ತಿದ್ದ. ಬೇವಿನ ನೆರಳು ಇತ್ತು, ಫೋನಿಗೆ ಸಿಗ್ನಲ್ಲೂ ಅಲ್ಲಿ ಮಾತ್ರ ಸಿಗುತ್ತಿತ್ತು. ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ನನ್ನ ಬೆನ್ನ ಮೇಲಿಟ್ಟು ಗುದ್ದಿ ಒಡೆಯುತ್ತಿದ್ದ. "ಏನ್ ಗಟ್ಟಿ ಅದಿಯೋ ದೋಸ್ತಾ," ಅನ್ನುತ್ತಿದ್ದ. ಊಟವಾದ ಮೇಲೆ ಕಸ್ತೂರಿಗೆ ಫೋನು ಮಾಡಿ, ಹಿಂಡಿಗೆ ಉಪ್ಪು ಜಾಸ್ತಿ ಆಗಿತ್ತು ಅಂತ ದಿನಾ ಅದೇ ಜಗಳ. ಅವಳ ನಗು ಫೋನಿನಿಂದ ನನಗೂ ಕೇಳಿಸುತ್ತಿತ್ತು.

ಸಂಕ್ರಾಂತಿ ಕಳೆಯಿತು, ಶಿವರಾತ್ರಿಯೂ ಕಳೆಯಿತು. ಒಂದು ಮಧ್ಯಾಹ್ನ ಶಿದ್ರಾಮ ಬುತ್ತಿ ಬಿಚ್ಚಲಿಲ್ಲ. ಹೊಸ ಪೈಪಿನ ಬೆಸುಗೆಯ ಬದಿಗೆ ಕಂದು ಗೆರೆ ಎದ್ದಿದೆ, ಗೆರೆಯ ಹತ್ತಿರ ಸಣ್ಣಗೆ ವಾಸನೆ ಬರುತ್ತಿದೆ ಅಂತ ಅವನಿಗೆ ಗುಮಾನಿ. ಮಾಮನಿಗೆ ತೋರಿಸಿದ್ದನಂತೆ. ಮಾಮ ಕಲ್ಲು ಹಚ್ಚಿ, "ಅಂಟಲಿಲ್ಲ ನೋಡು, ಸ್ಟೀಲು ಚೊಕ್ಕ ಐತಿ, ಧೂಳಿನ ಕಲಿ ಅದು, ಅರಿವಿ ತಗೊಂಡು ಒರಸು," ಅಂದಿದ್ದ. ಒರೆಸಿದರೆ ಮರುದಿನ ಮತ್ತೆ ಅದೇ ಗೆರೆ. ಶಿದ್ರಾಮ ನನ್ನ ಮೇಲೆ ಕೂತು ಧಾರವಾಡಕ್ಕೆ ಫೋನು ಹಚ್ಚಿದ. ಆ ಕಡೆ ಕೂಸು ಅಳುವ ಸದ್ದು, ಆಮೇಲೆ ಶಾಹೀನಾ ಮೇಡಂ ದನಿ.

"ಗೆರಿ? ನಾ ತರಿಸಿದ ಪೈಪಿಗೆ ಗೆರಿ ಏಳಂಗಿಲ್ಲ ಶಿದ್ರಾಮ. ಯಾವ ಪೈಪ್ ಹಾಕೀರಿ?"

"ಲೋಕಲ್‌ದು ಮೇಡಮ್. ನೀವು ತರಿಸಿದ್ದಕ್ಕ ಕಲ್ಲು ಅಂಟಿತು ಅಂತ ಹಾಕಲಿಲ್ಲ."

"ನಾ ತರಿಸಿದ್ದು ಈಗ ಎಲ್ಲೈತಿ?"

"ಅದರ ಮ್ಯಾಗ ಕುಂತೀನ್ರಿ."

"ಅಯ್ಯೋ ಅಲ್ಲಾ! ಅದನ್ನ ಹಾಕಬೇಕಿತ್ತಪಾ. ಅಂಟೂದು ಅದರ ಗುಣ. ಕೇಳಿಲ್ಲಿ, ಆ ಗೆರಿ ತುಕ್ಕಲ್ಲ, ಸೀಳು. ನಾ ಈಗ ಸಾಹೇಬ್ರಿಗೆ ಫೋನ್ ಮಾಡ್ತೀನಿ, ನಾಳೆ ನಾನ ಬರ್ತೀನಿ. ಲೈನ್ ಬಂದ್ ಮಾಡೂತನಕ ಯಾರೂ ಗುಂಡಿಗೆ ಇಳೀಬ್ಯಾಡ್ರಿ."

ಗುಂಡಿ ಅಂದರೆ ಗ್ಯಾಸಿನ ಜೊತೆ ಬಂದ ನೀರನ್ನು ಬಸಿಯಲು ಪೈಪಿನ ಕೆಳಗೆ ತೋಡಿದ ಆಳೆತ್ತರದ ಕುಣಿ. ದಿನಾ ಮುಂಜಾನೆ ಯಾರಾದರೂ ಇಳಿದು ನಳ ತಿರುವಬೇಕು. ಬಸಿಯದಿದ್ದರೆ ನೀರು ತುಂಬಿ ಬಾಯ್ಲರು ನಿಲ್ಲುತ್ತದೆ. ತತ್ತಿ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಮೊದಲು ತುಂಬುವುದು ಆ ಗುಂಡಿಯೇ. ಅದು ನನ್ನಿಂದ ಮೂವತ್ತು ಹೆಜ್ಜೆ ದೂರ.

ಮೇಡಂ ಫೋನು ಮಾಡಿದಳಂತೆ. ಸಾಹೇಬರು, "ಹಂಗಾಮು ಮುಗೀಲಿಕ್ಕೆ ಎಂಟು ದಿನ ಐತಿ, ಆಮ್ಯಾಲೆ ನೋಡೂಣು, ನೀವು ಕೂಸಿನ ಕಡೆ ಲಕ್ಷ್ಯ ಕೊಡ್ರಿ," ಅಂದರಂತೆ.

ಶಿದ್ರಾಮ ಸಂಜೆ ಮಾಮನನ್ನು ನನ್ನ ಹತ್ತಿರವೇ ಕರೆತಂದು ಎಲ್ಲ ಹೇಳಿದ. ಗಿರಿಮಲ್ಲಪ್ಪ ಪೂರಾ ಕೇಳಿದ. ಕಲ್ಲು ತೆಗೆದು ನನಗೆ ಹಚ್ಚಿದ. ಟಕ್.

"ಕಣ್ಣಿಗೆ ಕಾಣಸ್ತೈತಿಲ್ಲೋ? ನಿನಗ ನಾ ಹೇಳಿದ್ದು ದೊಡ್ಡದೋ, ಧಾರವಾಡದಾಗ ಕುಂತು ಆಕಿ ಹೇಳಿದ್ದು ದೊಡ್ಡದೋ?"

ಸೋದರಮಾವ, ಹೆಣ್ಣು ಕೊಟ್ಟ ಮಾವ, ಕೆಲಸ ಕಲಿಸಿದ ಗುರು, ಮೂರೂ ಒಬ್ಬನೇ ಆದರೆ ಮನುಷ್ಯ ಎದುರುತ್ತರ ಕೊಡುವುದು ಹೇಗೆ? ಅಳಿಯನ ಮುಖ ನೋಡಿ ಗಿರಿಮಲ್ಲಪ್ಪನ ಮನಸ್ಸು ಕರಗಿತು. "ಆತು, ಒಂದ್ ಕೆಲಸ ಮಾಡೂಣು. ಈ ಕಲ್ಲಿನ ಜೋರು ಕಡಿಮಿ ಆಗೇತೇನೋ ಯಾರಿಗ್ಗೊತ್ತು. ನಾಳೆ ಗೋಕಾಕದಿಂದ ಹೊಸಾ ಕಲ್ಲು ತರಸ್ತೀನಿ. ಎರಡನೂ ಹಚ್ಚಿ ನೋಡೂಣು."

ಕೇಳಿದಿರಾ! ಒಂದು ಕಲ್ಲು ತಪ್ಪು ಹೇಳಿದರೆ ಇನ್ನೊಂದು ಕಲ್ಲು. ಜೀವ ಹೋಗುವ ಹೊತ್ತಿನಲ್ಲೂ ಅವನಿಗೆ ಕಲ್ಲೇ ದೇವರು. ನನಗೆ ಬಾಯಿದ್ದರೆ ಊರು ಎದ್ದು ಕೂರುವ ಹಾಗೆ ಕಿರುಚುತ್ತಿದ್ದೆ. ನನಗಿರುವ ಬಾಯಿ ಎರಡು, ಎರಡರಲ್ಲೂ ಗಾಳಿ ಬಿಟ್ಟು ಇನ್ನೇನೂ ಇಲ್ಲ.

ಮರುದಿನ ಮುಂಜಾನೆ ಎಂಟೂವರೆ. ಬಾಯ್ಲರಿನವರು ನೀರು ಬಸಿಯಿರಿ ಅಂತ ಕೂಗು ಹಾಕಿದರು. ಗಿರಿಮಲ್ಲಪ್ಪ, "ನೀ ನಿಲ್ಲು, ನಾ ಇಳೀತೀನಿ," ಅಂದ. ಶಿದ್ರಾಮ ಒಪ್ಪಲಿಲ್ಲ. ಮುಖಕ್ಕೆ ಹಳೆಯ ಮಾಸ್ಕು ಸಿಕ್ಕಿಸಿಕೊಂಡು ತಾನೇ ಇಳಿದ. ಆ ಮಾಸ್ಕಿನ ಡಬ್ಬಿಯ ಅವಧಿ ಯಾವತ್ತೋ ಮುಗಿದಿತ್ತು. ಅವನು ನಳಕ್ಕೆ ಕೈ ಹಚ್ಚಿದ್ದಷ್ಟೇ, ಮೇಲೆ ಬೆಸುಗೆಯ ಪಕ್ಕ ಆ ಥಳಕಿನ ಪೈಪು ಅರಿವೆ ಹರಿದಂತೆ ಚರ್ರನೆ ಸೀಳಿತು. ಆ ಸದ್ದು ನಾನು ಕೇಳಿದೆ. ಐದು ತಿಂಗಳು ಅದೇ ಸದ್ದಿಗಾಗಿ ಕಾದವನು ನಾನೇ ತಾನೆ.

ಗಿರಿಮಲ್ಲಪ್ಪ ಗುಂಡಿಯ ಬಾಯಿಗೆ ಓಡಿದ. ಕೆಳಗಿನಿಂದ ಶಿದ್ರಾಮನ ದನಿ ಬಂತು: "ಬರಬ್ಯಾಡ್ರೀ ಮಾಮಾ! ವಾಸನಿ ಹೋತು! ವಾಸನಿ..."

ಅಷ್ಟೇ. ಮುಗಿಯಿತು.

ಇಳಿಯಲು ಹೋದ ಮಾವನನ್ನು ನಾಲ್ಕು ಜನ ಹಿಡಿದು ಹಿಂದಕ್ಕೆಳೆದರು. ಲೈನು ಬಂದ್ ಮಾಡಿ, ಗಾಳಿ ಹಾಯಿಸಿ, ಅವನನ್ನು ಮೇಲೆ ತಂದು ನನ್ನ ಪಕ್ಕದ ಬೇವಿನ ನೆರಳಿಗೆ ಮಲಗಿಸಿದರು. ಬುತ್ತಿಯ ಗಂಟು ಆಗಲೇ ನನ್ನ ಮೇಲಿತ್ತು. ಮುಂಜಾನೆ ಬಂದವನೇ ಇಟ್ಟು ಹೋಗಿದ್ದ.

ಆಮೇಲಿನದೆಲ್ಲ ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಕತೆ. ತನಿಖೆಗೆ ಸರಕಾರದ ಮಂದಿ ಬಂದರು. ಸತ್ತವನು ಸರಿಯಾದ ಮಾಸ್ಕು ಹಾಕಿರಲಿಲ್ಲ, ಅವನದೇ ನಿಷ್ಕಾಳಜಿ ಅಂತ ಕುಲಗೋಡ ಸಾಹೇಬರು ಬರೆಸಲು ನೋಡಿದರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ. ಶಾಹೀನಾ ಮೇಡಂ ಕೂಸನ್ನು ತಾಯಿಯ ಕೈಗಿಟ್ಟು ಬಂದಿದ್ದಳು. ಅವಳ ಕೈಯಲ್ಲಿ ಪಿಸ್ತೂಲಿನ ಹಾಗಿರುವ ಒಂದು ಯಂತ್ರ, ಲೋಹಕ್ಕೆ ಮುಟ್ಟಿಸಿದರೆ ಅದರೊಳಗೆ ಏನೇನಿದೆ ಅಂತ ಹೇಳುವಂಥದ್ದು. ಸೀಳಿದ ಪೈಪಿಗೆ ಹಿಡಿದಳು: ಮೈಮೇಲಿನ ಹೆಸರು ಸುಳ್ಳು. ನನಗೆ ಹಿಡಿದಳು: ಇಪ್ಪತ್ತೆರಡು, ಐದು, ಮೂರು.

ಗಿರಿಮಲ್ಲಪ್ಪ ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದ. ಎಂಟು ದಿನದಲ್ಲಿ ಮೀಸೆ ಬೆಳ್ಳಗಾಗಿತ್ತು.

"ಹಂಗಾರ ನನ್ನ ಕಲ್ಲು ಸುಳ್ಳು ಹೇಳಿತೇನ್ರಿ ಮೇಡಮ್?"

ಅವಳು ಹೇಳಿದಳು: "ಇಲ್ಲ ಕಾಕಾ. ಅಂಟತೈತೋ ಇಲ್ಲೋ ಅಂತ ಕೇಳಿದ್ರಿ, ಖರೇನ ಹೇಳ್ತು. ಗ್ಯಾಸ್ ತಡೀತೈತೋ ಇಲ್ಲೋ ಅಂತ ಅದನ್ನ ಕೇಳಿದ್ರೂ ಅದಕ್ಕೆಲ್ಲಿ ಗೊತ್ತಾಗಬೇಕು?"

ಅವನು ಸರಕಾರದವರ ಮುಂದೆ ಹೋಗಿ ನಿಂತ. "ಬರಕೋರಿ. ತಪ್ಪು ನನ್ನ ಅಳಿಯಂದಲ್ಲ. ಅವ ಎರಡ ಸಲ ಹೇಳಿದ. ಬ್ಯಾಡ ಅಂದಾವ ನಾ, ಓದದ ಇದ್ದಾವ್ರು ಸಾಹೇಬ್ರು," ಅಂದ. ಸಾಹೇಬರ ಮುಖ ನೋಡುವಂತಿತ್ತು. ಶಿದ್ರಾಮನ ಹೆಸರಿನ ಮೇಲಿನ ಕಳಂಕ ಹೋಯಿತು. ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು, ಗಿರಿಮಲ್ಲಪ್ಪನನ್ನು ಮನೆಗೆ ಕಳಿಸಿದರು. ನ್ಯಾಯ ಅಂದರೆ ಇಷ್ಟೇ.

ಕೊನೆಗೆ ನಮ್ಮನ್ನು ಎತ್ತಲು ಕ್ರೇನು ಬಂತು. ಲೈನಿಗೆ ಏಳು ಪೈಪು ಸಾಕಾಯಿತು. ಎಂಟನೆಯವನು ನಾನು, ಮಿಕ್ಕಿದ ಮಾಲು. ತಮ್ಮಂದಿರು ಅಲ್ಲಿ ತತ್ತಿ ಗ್ಯಾಸು ಕುಡಿದು ಗಟ್ಟಿಯಾಗಿ ನಿಂತಿದ್ದಾರೆ, ಒಂದು ಕಲೆಯಿಲ್ಲ. ಯಾವ ಕೆಲಸಕ್ಕೆ ಹುಟ್ಟಿದೆನೋ ಅದನ್ನು ನಾನು ಒಂದು ದಿನವೂ ಮಾಡಲಿಲ್ಲ. ನಾನು ಮಾಡಿದ ಕೆಲಸ ಒಂದೇ, ಶಾಪ ಹಾಕಿದ್ದು. ಅದು ಫಲಿಸಿತು.

ಆ ವರ್ಷದ ಖಂಡೆ ಪೂಜೆಯ ದಿನ ಗಿರಿಮಲ್ಲಪ್ಪ ಗೇಟಿನವನನ್ನು ಕೇಳಿಕೊಂಡು ಒಳಗೆ ಬಂದ. ಜೇಬಿನಿಂದ ಕಲ್ಲು ತೆಗೆದ. ಹೂವಿಲ್ಲ, ವಿಭೂತಿಯಿಲ್ಲ. ಶಿದ್ರಾಮ ಕೂರುತ್ತಿದ್ದ ಜಾಗದಲ್ಲಿ ನನ್ನ ಮೈಗೆ ಹಚ್ಚಿದ. ಟಕ್ ಅಂದಿತು. ಬಿಡಿಸಿಕೊಳ್ಳಲಿಲ್ಲ, ಹಾಗೇ ಬಿಟ್ಟು ಹೋದ. ಮತ್ತೆ ಈ ಕಡೆ ಬಂದಿಲ್ಲ.

ಕಲ್ಲು ಇವತ್ತಿಗೂ ನನ್ನ ಮೈಮೇಲೇ ಇದೆ. ಅದರ ಬೆನ್ನಿನ ತಗಡು ಮಳೆಗೆ ತುಕ್ಕು ಹಿಡಿದು ನನ್ನ ಮೈಮೇಲೆ ಕಂದು ನೀರು ಇಳಿಸಿದೆ. ಮೊನ್ನೆ ಹೊಸ ಫಿಟ್ಟರೊಬ್ಬ ನೋಡಿ, "ಇದೇನಪಾ, ಈ ಪೈಪಿಗೂ ತುಕ್ಕು ಬಂದೈತಿ, ಒಗೀರಿ," ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ತಡೀರಿ," ಅಂತ ಒಂದು ಹೆಣ್ಣು ದನಿ. ಕಸ್ತೂರಿ. ಗಂಡನ ಬದಲಿಗೆ ಅವಳಿಗೆ ಸ್ಟೋರಿನಲ್ಲಿ ಕೆಲಸ ಕೊಟ್ಟಿದ್ದಾರೆ. ಬಂದ ಮಾಲಿನ ಅಂಕಿಯನ್ನು ಕಾಗದದ ಜೊತೆ ತಾಳೆ ನೋಡಿ, ಯಂತ್ರ ಹಿಡಿದು ನೋಡಿ ಒಳಗೆ ಬಿಡುವುದು ಅವಳ ಕೆಲಸ. ಹತ್ತಿರ ಬಂದಳು. ಅಪ್ಪನ ಕಲ್ಲನ್ನು ಗುರುತಿಸಿದಳು, ಮುಟ್ಟಲಿಲ್ಲ. ಸೆರಗಿನ ತುದಿಯಿಂದ ಆ ಕಂದು ಕಲೆ ಒರೆಸಿದಳು. ಕೆಳಗೆ ನನ್ನ ಅಂಕಿ ಹೊಳೆಯಿತು. ಒಂದೊಂದಾಗಿ ಬೆರಳಿಟ್ಟು ಗಟ್ಟಿಯಾಗಿ, ಪೂರ್ತಿ ಓದಿದಳು.

ಹುಟ್ಟಿದಂದಿನಿಂದ ನನ್ನ ಮೈಮೇಲಿನ ಬರಹವನ್ನು ಒಬ್ಬರು ಓದಿದ್ದು ಅದೇ ಮೊದಲು. ನಾನು ಲಾರಿಯಲ್ಲಿ ಬಂದ ದಿನವೇ ಯಾರಾದರೂ ಓದಿದ್ದರೆ ಅವಳು ಈಗಲೂ ಮುಂಜಾನೆ ಶಿದ್ರಾಮನ ಬುತ್ತಿ ಕಟ್ಟುತ್ತಿದ್ದಳು.